ಕೋಟದಿಂದ ಕುಂದಾಪುರಕ್ಕೆ

1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಎಂಬ ಜರ್ಮನ್ ಸಮರನೌಕೆಯು ಮದರಾಸಿನ ಕರಾವಳಿಯನ್ನು ಸಮೀಪಿಸಿ, ಬರ್ಮಾ ಆಯಿಲ್ ಕಂಪೆನಿಯ ಎಣ್ಣೆಯ ತೊಟ್ಟಿಗಳಿಗೆ ಗುಂಡಿಕ್ಕಿ ಬೆಂಕಿ ಹಚ್ಚಿ, ಬಂದಂತೆಯೇ ಕತ್ತಲೆಯಲ್ಲಿ ಮರೆಯಾಯಿತು. ಆ ಹೊತ್ತಿಗೆ ಮದರಾಸು ಪ್ರಾಂತದ ಇನ್ನೊಂದು ಮಗ್ಗುಲಲ್ಲಿ, ಪಡುವಣ ಕಡಲಿಗೆ ಅಂಟಿಕೊಂಡ ಕೋಟ ಗ್ರಾಮದಲ್ಲಿ, ಶೇಷ ಕಾರಂತ ಮತ್ತು ಲಕ್ಷ್ಮಮ್ಮ ದಂಪತಿಗಳ ಮಗನಾದ ಶಿವರಾಮನಿಗೆ ಹನ್ನೆರಡು ವರ್ಷ ತುಂಬಲು ಇನ್ನು ಹದಿನೆಂಟು ದಿನಗಳು ಉಳಿದಿದ್ದುವು. ಮದರಾಸು ದೂರವಾಯಿತೆನ್ನೋಣ. ಮುಂದಿನ ತಿಂಗಳು ಅದೇ ಹಡಗು ಸಿಂಹಳವನ್ನು ಬಳಸಿ ಮಿನಿಕಾಯ್ ದ್ವೀಪದ ಸುತ್ತಿನ ನೀರಿನಲ್ಲಿ ಸುಳಿದಾಡಿ ವ್ಯಾಪಾರದ ಹಡಗುಗಳನ್ನು ಮುಳುಗಿಸತೊಡಗಿತು. ಅದರ ಉತ್ತರಕ್ಕಿರುವ ಅಮಿನಿದಿವಿ ದ್ವೀಪಗಳು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. 1956ರವರೆಗೂ ಹಾಗೆಯೇ ಇದ್ದುವು. ಯೂರೋಪಿನ ಸಮರವು ಕಾಗದಪತ್ರಗಳ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಅಂಗಳದ ಅಂಚಿಗೇ ಬಂದು ನಿಂತಂತಾಯಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆ ನೌಕೆಯ ಕತೆ ಮುಗಿಯಿತು. ಆದರೆ ಮಲೆಯಾಳ, ತಮಿಳು ನುಡಿಗಳಲ್ಲಿ ಅದರ ಹೆಸರು ಒಂದು ಮಾತಾಗಿಯೇ ಉಳಿದುಕೊಂಡಿತು.

ಡಾಕ್ಟರ್ ಶಿವರಾಮ ಕಾರಂತರ ಜೀವನವನ್ನು ಬರೆದವರಲ್ಲಿ ಹೆಚ್ಚಿನವರು ಕತೆಯನ್ನು ಗಾಂಧೀಜಿಯಿಂದ ಆರಂಭಿಸುತ್ತಾರೆ. ಕಾಲೇಜು ತೊರೆದ ತರುಣ, ಖಾದಿ, ಅಸಹಕಾರ ಎಂದು ಮೊದಲಾಗಿ, ಜ್ಞಾನಪೀಠ ಪ್ರಶಸ್ತಿಯವರೆಗೆ ಒಂದು ರಾಜಮಾರ್ಗವನ್ನು ಹಾಕಿಬಿಡುತ್ತಾರೆ. ಹುಟ್ಟಿದ್ದು 1902ರ ಅಕ್ಟೋಬರ್ 10, ಮೊದಲ ಓದು ಕೋಟದಲ್ಲಿ, ಹೈಸ್ಕೂಲು ಕುಂದಾಪುರದಲ್ಲಿ ಎಂಬ ಮಾತುಗಳಿಗೆ ಒಂದೂವರೆ ಸಾಲು ಸಲ್ಲುತ್ತದೆ. ತರಗತಿಯಲ್ಲಿ ಕಾರಂತರ ಕಾದಂಬರಿಗಳನ್ನು ಪಾಠ ಹೇಳುತ್ತ ಹೇಳುತ್ತ ನನಗೆ ಆ ಒಂದೂವರೆ ಸಾಲಿನ ಮೇಲೆಯೇ ಮನಸ್ಸು ನಿಲ್ಲತೊಡಗಿದೆ. ಮೊದಲ ಮಹಾಯುದ್ಧದ ನಾಲ್ಕು ವರ್ಷಗಳು ಅವರ ಹನ್ನೆರಡರಿಂದ ಹದಿನಾರರ ಪ್ರಾಯ. ಮುಂದೆ ಅವರು ಮಾಡಿದ, ಬರೆದ ಎಷ್ಟೋ ಸಂಗತಿಗಳ ಬೇರು ಆ ವರ್ಷಗಳಲ್ಲಿ, ಕೋಟಕ್ಕೂ ಕುಂದಾಪುರಕ್ಕೂ ನಡುವಣ ದಾರಿಯಲ್ಲಿ ಇದೆ ಎಂದು ನಾನು ನಂಬಿದ್ದೇನೆ.

ಆ ದಾರಿಯನ್ನು ಕಾಣದ ವಾಚಕರಿಗಾಗಿ ನಾಲ್ಕು ಮಾತು ಹೇಳಬೇಕು. ತೆಂಕಣಿಂದ ಬರುವವರು ಮಾಬುಕಳದಲ್ಲಿ ಸೀತಾನದಿಯನ್ನು ದಾಟಿದರೆ ಸಾಸ್ತಾನ. ಅಲ್ಲಿಂದ ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ, ಬಳಿಕ ಕುಂದಾಪುರ. ಎಡಗಡೆ ಕಡಲಿನ ಮೊರೆತ ಜೊತೆಗೇ ನಡೆದುಬರುತ್ತದೆ; ಬಲಗಡೆ ಗದ್ದೆಬಯಲು, ಅದರಾಚೆ ಘಟ್ಟದ ನೀಲಿ. ಕೋಟದಿಂದ ಬಡಗಣಕ್ಕೆ ಕುಂದಾಪುರದವರೆಗೆ ದೊಡ್ಡ ಹೊಳೆಯೊಂದೂ ಅಡ್ಡ ಬರುವುದಿಲ್ಲ. ತೆಂಕಣಕ್ಕೆ ಮಂಗಳೂರಿಗೆ ಹೋಗಬೇಕಾದರೆ ಮಾಬುಕಳ, ಕಲ್ಯಾಣಪುರ, ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಎಂದು ಆರು ಹೊಳೆಗಳು. ಸೇತುವೆಗಳಿಲ್ಲದ ಆ ಕಾಲದಲ್ಲಿ ಆರು ಕಡೆಗಳಲ್ಲಿ ದೋಣಿಗಾಗಿ ಕಾಯಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿದರೆ ಆಚೆಯವರು ಆಚೆಗೆ, ಈಚೆಯವರು ಈಚೆಗೆ. ರೈಲು 1907ರಲ್ಲಿ ಮಂಗಳೂರನ್ನು ಮುಟ್ಟಿ ಅಲ್ಲಿಯೇ ನಿಂತಿತು. ಆದ್ದರಿಂದ ಕೋಟ, ಸಾಸ್ತಾನಗಳ ಕಡೆಯ ಹುಡುಗರಿಗೆ ಇಂಗ್ಲಿಷು ವಿದ್ಯೆಯೆಂದರೆ ಕುಂದಾಪುರ. ಹೈಸ್ಕೂಲಿನ ಆಯ್ಕೆಯನ್ನು ತಂದೆತಾಯಿಗಳಿಗಿಂತ ಮೊದಲು ಹೊಳೆಗಳೇ ಮಾಡಿಬಿಡುತ್ತಿದ್ದುವು.

ಎಂಟು ಮೈಲಿಯಷ್ಟು ದೂರ. ಎತ್ತಿನ ಗಾಡಿ ಉಳ್ಳವರಿಗೆ ಗಾಡಿ, ಇಲ್ಲದವರಿಗೆ ಕಾಲು. ದಿನವೂ ಹೋಗಿಬರುವುದು ಆಗದ ಮಾತಾದ್ದರಿಂದ ಹಳ್ಳಿಯ ಹುಡುಗರು ಕುಂದಾಪುರದಲ್ಲಿ ನೆಂಟರ ಮನೆಯನ್ನೋ ವಾರಾನ್ನವನ್ನೋ ಹುಡುಕಿಕೊಂಡು, ರಜೆ ಬಂದಾಗ ಊರಿನ ಕಡೆ ಹೆಜ್ಜೆ ಹಾಕುವುದು ರೂಢಿ. ಅಕ್ಕಿಯ ಗಂಟು, ಉಪ್ಪಿನಕಾಯಿಯ ಭರಣಿ, ತಲೆಯ ಮೇಲೆ ಓಲೆಯ ಕೊಡೆ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದಕ್ಕೂ ಮಳೆ ಹಿಡಿಯುವುದಕ್ಕೂ ಇರುವ ಹಳೆಯ ಸ್ನೇಹವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಕಾರಂತರ ಬರೆವಣಿಗೆಯಲ್ಲಿ ಮಳೆಯು ಎಂದೂ ಕವಿಸಮಯವಾಗಿ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಅದು ಬಟ್ಟೆಯನ್ನು ತೋಯಿಸುತ್ತದೆ, ಹೊಳೆಯನ್ನು ಉಕ್ಕಿಸುತ್ತದೆ, ಬಿತ್ತಿದ್ದನ್ನು ಕೊಚ್ಚುತ್ತದೆ. ಮಳೆಯಲ್ಲಿ ನಡೆದವನ ಮಳೆ ಅದು.

ಯುದ್ಧವು ಈ ದಾರಿಗೆ ತೋಪುಗಳಾಗಿ ಬರಲಿಲ್ಲ, ಬೆಲೆಗಳಾಗಿ ಬಂದಿತು. ಚಿಮಿಣಿ ಎಣ್ಣೆ ಬರ್ಮಾದಿಂದ ಬರಬೇಕು. ಹಡಗುಗಳೆಲ್ಲ ಸಮರದ ಕೆಲಸಕ್ಕೆ ಹೋದುವು. ಓದುವ ಹುಡುಗನ ದೀಪಕ್ಕೆ ಎಣ್ಣೆ ದುಬಾರಿಯಾಯಿತು. ಬಟ್ಟೆಯ ಬಣ್ಣ ಜರ್ಮನಿಯದಾಗಿದ್ದುದರಿಂದ ಅದೂ ಅಪರೂಪವಾಯಿತು. ಬೆಳ್ಳಿ ಸಾಲದೆ ಹೋಗಿ 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ಕಾಗದದ ನೋಟನ್ನು ಹೊರಡಿಸಿತು. ರಿಂಗಣಿಸುವ ರೂಪಾಯಿಯನ್ನು ಬಲ್ಲ ಹಳ್ಳಿಗನು ಕಾಗದದ ರೂಪಾಯಿಯನ್ನು ಹೇಗೆ ನಂಬಬೇಕು? ಹಣವೆಂಬುದು ಒಂದು ನಂಬಿಕೆಯ ಮಾತೇ ಹೊರತು ಬೇರಲ್ಲವೆಂಬ ಅರ್ಥಶಾಸ್ತ್ರದ ಮೊದಲ ಪಾಠವನ್ನು ಆ ತಲೆಮಾರಿನ ಮಕ್ಕಳು ಪುಸ್ತಕವಿಲ್ಲದೆ ಕಲಿತರು.

ಪುಸ್ತಕದ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಮ್ಮ ಜಿಲ್ಲೆಯ ಕನ್ನಡ ಪಾಠಪುಸ್ತಕಗಳಿಗೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೂ ಬಿಡದ ನಂಟು. 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದುದೂ ಅಲ್ಲಿಂದಲೇ. ಯುದ್ಧ ತೊಡಗಿದೊಡನೆ ಆ ಸಂಸ್ಥೆಯ ಜರ್ಮನ್ ಪಾದ್ರಿಗಳು ಶತ್ರುದೇಶದ ಪ್ರಜೆಗಳೆನಿಸಿ ಬಂಧನಕ್ಕೊಳಗಾದರು. ಯುದ್ಧ ಮುಗಿಯುವ ಹೊತ್ತಿಗೆ ಹೆಂಚಿನ ಮತ್ತು ನೆಯ್ಗೆಯ ಕಾರ್ಖಾನೆಗಳು ಕೈ ಬದಲಾಯಿಸಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದುವು. ಕನ್ನಡಕ್ಕೆ ಕೋಶವನ್ನು ಕೊಟ್ಟವರು ಒಂದು ಬೆಳಗ್ಗೆ ಶತ್ರುಗಳಾದರು. ಇಂಗ್ಲಿಷು ಪಾಠಪುಸ್ತಕ ಸಾಮ್ರಾಜ್ಯದ ನ್ಯಾಯವನ್ನು ಹೇಳುತ್ತಿರಲು, ಕಣ್ಣೆದುರಿಗೆ ನಡೆಯುತ್ತಿದ್ದುದು ಇದು. ಹೇಳಿದ ಮಾತನ್ನು ಹೇಳಿದಂತೆ ಒಪ್ಪದ ಸ್ವಭಾವ ಕಾರಂತರಿಗೆ ಹುಟ್ಟಿನಿಂದ ಬಂದಿರಬಹುದು. ಅದಕ್ಕೆ ಸಾಣೆ ಹಿಡಿದ ಕಾಲ ಮಾತ್ರ ಇದೇ.

1918 ಎಲ್ಲಕ್ಕಿಂತ ಕೆಟ್ಟ ವರ್ಷ. ಮಳೆ ಕೈಕೊಟ್ಟಿತು, ಧಾನ್ಯದ ಬೆಲೆ ಏರಿ ಮದರಾಸು ಪ್ರಾಂತದ ಹಲವೆಡೆ ಸಂತೆಗಳ ಲೂಟಿ ನಡೆಯಿತು, ಆ ಬೆನ್ನಿಗೆ ಇನ್‌ಫ್ಲುಯೆಂಜಾ ಬಂದು ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದಿತು. ನವೆಂಬರಿನಲ್ಲಿ ಶಾಂತಿ ಎಂಬ ಸುದ್ದಿ ಬಂದಾಗ ಹಳ್ಳಿಗಳಲ್ಲಿ ಸೂತಕವಿತ್ತು.

ಆದರೂ ಆ ದಾರಿಯಲ್ಲಿ ಬರಿಯ ಕಷ್ಟವೇ ಇತ್ತೆಂದು ಬರೆದರೆ ಅನ್ಯಾಯವಾದೀತು. ಮಳೆಗಾಲ ಕಳೆದು ಬಯಲು ಒಣಗಿತೆಂದರೆ ಚೆಂಡೆಯ ಸದ್ದು. ಕೋಟದ ಅಮೃತೇಶ್ವರಿಯ ಸನ್ನಿಧಿ, ಮಂದಾರ್ತಿಯ ಮೇಳ, ಬ್ರಹ್ಮಾವರದ ಬಳಿಯ ಹಾರಾಡಿ, ಮಟಪಾಡಿಗಳ ನಡೆನುಡಿಯ ಕಲಾವಿದರು: ಬಡಗುತಿಟ್ಟಿನ ಯಕ್ಷಗಾನದ ನಟ್ಟನಡುವಿನ ಸೀಮೆ ಇದು. ಹಗಲಿನ ಶಾಲೆಯಲ್ಲಿ ಮಿಲ್ಟನನ ಹೆಸರು, ರಾತ್ರಿಯ ಬಯಲಿನಲ್ಲಿ ಕರ್ಣಾರ್ಜುನರ ಕಾಳಗ. ಎರಡನೆಯ ಶಾಲೆಗೆ ಹಾಜರಿ ಪುಸ್ತಕವಿರಲಿಲ್ಲ, ಶುಲ್ಕವಿರಲಿಲ್ಲ, ಬೆತ್ತವೂ ಇರಲಿಲ್ಲ. ಮುಂದೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಕಾರಂತರಿಗೆ ಬಂದುದು ಯಾವ ಕಾದಂಬರಿಗೂ ಅಲ್ಲ, ಯಕ್ಷಗಾನ ಬಯಲಾಟವನ್ನು ಕುರಿತ ಗ್ರಂಥಕ್ಕೆ. ಹೈಸ್ಕೂಲು ಕೊಡದ ಪದವಿಯನ್ನು ಚೌಕಿಯ ದೊಂದಿಬೆಳಕು ಕೊಟ್ಟಿತು.

ಇನ್ನು ನಾನು ಮುಖ್ಯವೆಂದು ಎಣಿಸಿದ ಮಾತಿಗೆ ಬರುತ್ತೇನೆ. ಆ ದಾರಿಯಲ್ಲಿ ನಡೆದವರು ಯಾರೆಂಬುದನ್ನು ಕೇಳಿದಂತೆ, ನಡೆಯದೆ ಉಳಿದವರು ಯಾರೆಂಬುದನ್ನೂ ಕೇಳಬೇಕು. ಗಂಡುಮಕ್ಕಳು ಕುಂದಾಪುರಕ್ಕೆ ಹೊರಟ ಮನೆಗಳಿಂದ ಹೆಣ್ಣುಮಕ್ಕಳು ಹೊರಡಲಿಲ್ಲ. ಗದ್ದೆಯಲ್ಲಿ ಬಗ್ಗಿ ನೆಟ್ಟ ಕೂಲಿಯವರ ಮಕ್ಕಳು, ಜಾತಿಯ ಕಟ್ಟಿನಿಂದ ಅಂಗಳದಾಚೆಗೇ ನಿಲ್ಲಬೇಕಾದವರ ಮಕ್ಕಳು ಹೊರಡಲಿಲ್ಲ. ಸಮರದ ಬೆಲೆಯೇರಿಕೆ ಬಂದಾಗ ಮೊದಲು ಹಸಿದವರು ಇವರೇ. ಓದಿದವನು ಓದದವರನ್ನು ಬಿಟ್ಟು ಮುಂದೆ ಹೋಗುವ ದಾರಿ ಅದು. ನಮ್ಮ ಸಾಹಿತ್ಯದಲ್ಲಿ ಹಾಗೆ ಮುಂದೆ ಹೋಗಿ ಹಿಂತಿರುಗಿ ನೋಡದವರು ಅನೇಕರಿದ್ದಾರೆ. ಕಾರಂತರು ನೋಡಿದರು. 1933ರ ಚೋಮನ ದುಡಿಯಲ್ಲಿ ಸ್ವಂತ ಬೇಸಾಯದ ಆಸೆಯೊಂದನ್ನೇ ಹೊತ್ತು ಸಾಯುವ ಚೋಮ, 1968ರ ಮೂಕಜ್ಜಿಯ ಕನಸುಗಳಲ್ಲಿ ಬಾಲ್ಯದಲ್ಲಿಯೇ ವಿಧವೆಯಾಗಿ ಬಾಯಿಗೆ ಬೀಗ ಬಿದ್ದ ಅಜ್ಜಿ: ಇವರಿಬ್ಬರೂ ಶಾಲೆಯ ದಾರಿಯಿಂದ ಹೊರಗೆ ನಿಂತವರು. ಅಂಥ ಅಜ್ಜಿಯೊಬ್ಬಳ ಬಾಯಿಂದ ದೇವರು, ಧರ್ಮ, ಸೃಷ್ಟಿಗಳ ವಿಚಾರವನ್ನು ಹೇಳಿಸಿ, ಓದಿದ ಮೊಮ್ಮಗ ಸುಬ್ಬರಾಯನನ್ನು ಅವಳ ಮುಂದೆ ಕೇಳುಗನನ್ನಾಗಿ ಕೂರಿಸಿದರಲ್ಲ, ಅದು ಬರಿಯ ಕಥನತಂತ್ರವೆಂದು ನನಗೆ ತೋರುವುದಿಲ್ಲ. ಅದರಲ್ಲಿ ಒಂದು ಋಣದ ಸಂದಾಯವಿದೆ.

ಈ ಋಣವನ್ನು ಅತಿ ವಿಸ್ತಾರವಾಗಿ ಬರೆದುದು ಮರಳಿ ಮಣ್ಣಿಗೆಯಲ್ಲಿ. ಅದು ಎರಡನೆಯ ಮಹಾಯುದ್ಧದ ನಡುವೆ ಬಂದ ಪುಸ್ತಕ. ಸಾಸ್ತಾನದವನಾದ ನನಗೆ ಆ ಯುದ್ಧಕಾಲವನ್ನು ಕೇಳಿ ಗೊತ್ತು. ನನ್ನ ಅಜ್ಜ ಆಗ ಕುಂದಾಪುರಕ್ಕೆ ಓದಲು ಹೋಗುತ್ತಿದ್ದವರು. ಕಾರಂತರ ಕಾಲದಲ್ಲಿಲ್ಲದ ಬಸ್ಸು ಅಷ್ಟರಲ್ಲಿ ಬಂದಿತ್ತು. ಆದರೆ ಪೆಟ್ರೋಲು ಸೈನ್ಯಕ್ಕೆ ಹೋಗಿ, ಬಸ್ಸಿನ ಹಿಂದೆ ಇದ್ದಿಲಿನ ಒಲೆಯೊಂದನ್ನು ಕಟ್ಟಿ ಅದರ ಅನಿಲದಿಂದ ಓಡಿಸುತ್ತಿದ್ದರಂತೆ. ಏರು ಬಂದಲ್ಲಿ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ಶಾಲೆ ಮುಟ್ಟುವಾಗ ಅಂಗಿಯೆಲ್ಲ ಮಸಿ. ಮಸಿಯ ಅಂಗಿಯ ಹುಡುಗ ಬಸ್ಸಿನಲ್ಲಿ ಬಂದ ಶ್ರೀಮಂತನೆಂದು ನಡೆದು ಬಂದವರು ಹಾಸ್ಯ ಮಾಡುತ್ತಿದ್ದರಂತೆ. 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಯ ಅಕ್ಕಿ ನಿಂತಿತು; ಏಪ್ರಿಲಿನಲ್ಲಿ ಕೊಲಂಬೋ, ವಿಶಾಖಪಟ್ಟಣಗಳ ಮೇಲೆ ಬಾಂಬು ಬಿದ್ದು ಮದರಾಸಿನ ಜನ ಊರು ಬಿಟ್ಟರು. ಅಜ್ಜನ ಕತೆಗಳೆಲ್ಲ ದಾರಿಯವು, ಬಸ್ಸಿನವು, ನಗೆಯವು. ಅದೇ ವರ್ಷಗಳನ್ನು ಕುರಿತು ಅಜ್ಜಿಯನ್ನು ಕೇಳಿದರೆ ಆಕೆಗೆ ದಾರಿಯ ಕತೆ ಒಂದೂ ಇರಲಿಲ್ಲ. ಗಂಜಿಯ ನೀರು ಎಷ್ಟು ತೆಳ್ಳಗಾಯಿತು, ಸೀಮೆಣ್ಣೆ ಇಲ್ಲದೆ ಹೊನ್ನೆಯೆಣ್ಣೆಯ ದೀಪಕ್ಕೆ ಹೇಗೆ ಮರಳಿದರು ಎಂಬುದಷ್ಟೇ ಆಕೆಯ ಮಹಾಯುದ್ಧ.

ಮರಳಿ ಮಣ್ಣಿಗೆಯನ್ನು ಓದಿದವರಿಗೆ ಈ ಎರಡು ಬಗೆಯ ಕತೆಗಳ ಅಂತರ ಕೂಡಲೇ ಹೊಳೆದೀತು. ಕಡಲಿಗೂ ಹೊಳೆಗೂ ನಡುವಣ ಕೋಡಿಯಲ್ಲಿ ಪುರೋಹಿತ ರಾಮ ಐತಾಳರು ತಮ್ಮ ಮಗ ಲಚ್ಚನನ್ನು ಇಂಗ್ಲಿಷು ಕಲಿಸಲೆಂದು ಕುಂದಾಪುರಕ್ಕೆ ಕಳುಹಿಸುತ್ತಾರೆ. ಅದು ಕಾರಂತರು ಬಲ್ಲ ದಾರಿಯೇ. ಆದರೆ ಆ ದಾರಿ ಹಿಡಿದ ಲಚ್ಚ ಕೆಟ್ಟುಹೋಗುತ್ತಾನೆ, ಮನೆಯನ್ನೂ ಕೆಡಿಸುತ್ತಾನೆ. ಮಣ್ಣನ್ನು ಹಿಡಿದು ನಿಲ್ಲಿಸಿದವರು ಪಾರೋತಿ, ಸರಸೋತಿ, ಆಮೇಲೆ ಲಚ್ಚನ ಹೆಂಡತಿ ನಾಗವೇಣಿ. ಈ ಮೂವರ ದುಡಿಮೆಯನ್ನು ಕಾರಂತರು ವರ್ಣಿಸಿದ ಸಾವಧಾನದಿಂದ ಕನ್ನಡದಲ್ಲಿ ಬೇರೆ ಯಾರೂ ಹೆಂಗಸರ ದುಡಿಮೆಯನ್ನು ಅದಕ್ಕೆ ಮುಂಚೆ ವರ್ಣಿಸಿರಲಿಲ್ಲವೆಂದು ನನ್ನ ಅಭಿಪ್ರಾಯ. ಮೂರನೆಯ ತಲೆಮಾರಿನ ರಾಮ ಮದರಾಸಿನವರೆಗೆ ಓದಲು ಹೋಗಿ, ಚಳವಳಿಯಲ್ಲಿ ಧುಮುಕಿ, ಕೊನೆಗೆ ಮರಳುತ್ತಾನೆ. ಆತನಲ್ಲಿ ಕಾರಂತರನ್ನು ಕಾಣುವ ವಿಮರ್ಶಕರಿದ್ದಾರೆ. ನನಗೋ, ಲಚ್ಚನಲ್ಲಿಯೂ ಅವರ ಒಂದು ಭಯ ಕಾಣುತ್ತದೆ: ಶಾಲೆಯ ದಾರಿ ಒಬ್ಬ ಹುಡುಗನನ್ನು ಏನು ಮಾಡಿಬಿಡಬಹುದಿತ್ತೆಂಬ ಭಯ.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು, ಅವು ಎಲ್ಲರೂ ಬಲ್ಲವು. ಆರು ಹೊಳೆಗಳನ್ನು ದಾಟಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿಗೆ ಸೇರಿದರು. ಗಾಂಧೀಜಿ 1920ರ ಆಗಸ್ಟ್ 19ರಂದು ಮಂಗಳೂರಿಗೆ ಬಂದಿದ್ದರು. ಅಸಹಕಾರದ ಕರೆಗೆ ಓಗೊಟ್ಟು ತರುಣ ಕಾರಂತರು ಕಾಲೇಜು ತೊರೆದರು. ಅಣ್ಣ ಕೆ. ಆರ್. ಕಾರಂತರು ವಕೀಲರಾಗಿ, ಮುಂದೆ ಮದರಾಸು ಸರ್ಕಾರದ ಮಂತ್ರಿಗಳೂ ಆದರು. ತಮ್ಮನು ಖಾದಿಯ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿದರು. ವಸಂತ ಎಂಬ ಮಾಸಪತ್ರಿಕೆ ನಡೆಸಿದರು. ರಾಷ್ಟ್ರಗೀತ ಸುಧಾಕರವೆಂಬ ಪದ್ಯಸಂಗ್ರಹ ತಂದರು. ಆ ಪದ್ಯಗಳ ದಾರಿಯನ್ನು ಅವರು ಬೇಗ ಬಿಟ್ಟುದರಿಂದ ಕನ್ನಡಕ್ಕೆ ನಷ್ಟವೇನೂ ಆಗಲಿಲ್ಲ. ನಾಟಕ, ಛಾಯಾಚಿತ್ರ, ಕೊನೆಗೆ ಡೊಮಿಂಗೋ, ಭೂತರಾಜ್ಯ ಎಂಬ ಮೂಕಚಿತ್ರಗಳನ್ನು ತೆಗೆಯುವ ಸಾಹಸವೂ ಆಯಿತು. 1936ರಲ್ಲಿ ಲೀಲಾ ಆಳ್ವರನ್ನು ಜಾತಿಯ ಗೆರೆ ದಾಟಿ ವಿವಾಹವಾದರು.

ನಿಧಾನಿಸಬೇಕಾದುದು ಪುತ್ತೂರಿನಲ್ಲಿ. ಶಾಲೆಯನ್ನು ಬಿಟ್ಟವನು ಶಾಲೆಯನ್ನು ಬೈಯುತ್ತ ಕುಳಿತುಕೊಳ್ಳುವುದು ಸುಲಭ. ಕಾರಂತರು ಬಾಲವನವನ್ನು ಕಟ್ಟಿದರು. ಮರಗಳ ನಡುವೆ ಮಕ್ಕಳು ಆಡುತ್ತ, ಹಾಡುತ್ತ, ಕೈಯಿಂದ ಮಾಡುತ್ತ ಕಲಿಯುವ ಒಂದು ಎಡೆ ಇರಬೇಕೆಂದು ಅವರ ಹಂಬಲ. ಆ ಶಾಲೆ ಬಹುಕಾಲ ನಡೆಯಲಿಲ್ಲ. ಬಾಲವನವೆಂಬ ಹೆಸರು ಉಳಿಯಿತು. ಆದರೆ ಅದೇ 1936ರಲ್ಲಿ ಮೂರು ಸಂಪುಟಗಳ ಬಾಲಪ್ರಪಂಚ ಹೊರಬಂದಿತು. ಒಬ್ಬನೇ ಬರೆದು, ಚಿತ್ರ ಕೂಡಿಸಿ, ನಕ್ಷತ್ರದಿಂದ ಮೊದಲ್ಗೊಂಡು ಕ್ರಿಮಿಕೀಟದವರೆಗೆ ಮಗುವಿಗೆ ಕನ್ನಡದಲ್ಲಿ ಹೇಳಬಹುದಾದ ಎಲ್ಲವನ್ನೂ ಹೇಳಿದ ಗ್ರಂಥ. 1959ರಿಂದ ತೊಡಗಿ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬಂದಿತು. ತಜ್ಞರು ಇವುಗಳಲ್ಲಿ ದೋಷಗಳನ್ನು ತೋರಿಸಿಯಾರು. ಒಬ್ಬ ಮನುಷ್ಯ ಬರೆದ ವಿಶ್ವಕೋಶದಲ್ಲಿ ದೋಷವಿಲ್ಲದೆ ಇದ್ದೀತೆ? ನನಗೆ ದೊಡ್ಡದಾಗಿ ಕಾಣುವುದು ಅದರ ದಿಕ್ಕು. ಮಗು ಶಾಲೆಗೆ ನಡೆದು ಹೋಗಲಾರದೆ ಉಳಿದರೆ ಶಾಲೆಯೇ ಮಗುವಿದ್ದಲ್ಲಿಗೆ ನಡೆದು ಬರಬೇಕು. ಮನೆಯಲ್ಲಿ ಉಳಿದ ಅಕ್ಕತಂಗಿಯರ ಕೈಗೂ ಆ ಸಂಪುಟಗಳು ಸಿಕ್ಕಬಲ್ಲವು. ಅದಕ್ಕೆ ಎಂಟು ಮೈಲಿ ನಡೆಯಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ಕಾರಂತರನ್ನು ಒಣ ಮನುಷ್ಯರೆಂದೂ, ಭಾಷೆಯಲ್ಲಿ ಸೊಗಸಿಲ್ಲದವರೆಂದೂ ದೂರುವ ಮಾತನ್ನು ವಿದ್ಯಾರ್ಥಿಯಾಗಿದ್ದಾಗ ನಾನು ಬಹಳ ಕೇಳಿದ್ದೇನೆ. ಅವರ ವಾಕ್ಯಗಳು ಕೆಲವೊಮ್ಮೆ ಗಾಡಿದಾರಿಯಂತೆ ತಗ್ಗುದಿಣ್ಣೆಯವು, ನಿಜ. ಆದರೆ ಬೆಟ್ಟದ ಜೀವವನ್ನು ತೆರೆದು ನೋಡಿರಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಸಂಜೆಗತ್ತಲಲ್ಲಿ ದಾರಿ ತಪ್ಪಿದ ಪಯಣಿಗನೊಬ್ಬ, ದೇರಣ್ಣ, ಬಟ್ಯರೆಂಬ ಇಬ್ಬರು ಹಳ್ಳಿಗರ ಬೆನ್ನು ಹಿಡಿದು ಗೋಪಾಲಯ್ಯನ ಮನೆ ಸೇರುತ್ತಾನೆ. ಓದಿದವನು ದಾರಿ ತಪ್ಪಿದ್ದಾನೆ, ಓದದವರು ದಾರಿ ಬಲ್ಲರು. ಆ ಮನೆಯಲ್ಲಿ ಮುದುಕ ದಂಪತಿಗಳು ಮನೆ ಬಿಟ್ಟು ಹೋದ ಮಗನಿಗಾಗಿ ಕಾಯುತ್ತಿದ್ದಾರೆ. ಇಷ್ಟು ಸರಳವಾದ ಕತೆಯನ್ನು ಕಣ್ಣು ಒದ್ದೆಯಾಗದೆ ಪಾಠ ಹೇಳುವುದು ಇಂದಿಗೂ ನನಗೆ ಕಷ್ಟ. ಹಿಂದಿನ ಬೆಂಚಿನವರೂ ಅಂದು ಗದ್ದಲ ಮಾಡುವುದಿಲ್ಲ.

ತುರ್ತುಪರಿಸ್ಥಿತಿಯ ಕಾಲದಲ್ಲಿ ಪದ್ಮಭೂಷಣವನ್ನು ಹಿಂದಿರುಗಿಸಿದುದು, 1977ರ ಜ್ಞಾನಪೀಠ, ಕೈಗಾ ಅಣುಸ್ಥಾವರದ ವಿರುದ್ಧ ಎಂಬತ್ತು ದಾಟಿದ ಮೇಲೆ ನಡೆಸಿದ ಹೋರಾಟ, 1989ರಲ್ಲಿ ಲೋಕಸಭೆಗೆ ನಿಂತು ಸೋತುದು: ಇವೆಲ್ಲ ಪತ್ರಿಕೆಗಳ ಕಡತಗಳಲ್ಲಿ ಭದ್ರವಾಗಿವೆ. ಎಪ್ಪತ್ತರ ದಶಕದಲ್ಲಿ ಅವರು ಪುತ್ತೂರನ್ನು ಬಿಟ್ಟು ಸಾಲಿಗ್ರಾಮಕ್ಕೆ ಬಂದು ನೆಲಸಿದರು. ಕೋಟದ ಮಗ್ಗುಲು, ಸಾಸ್ತಾನದ ಮಗ್ಗುಲು; ಹುಟ್ಟಿದ ಮನೆಯಿಂದ ನಡೆದು ಹೋಗಬಹುದಾದ ದೂರ. ಬಿಳಿಯ ಕೂದಲನ್ನು ಹಿಂದಕ್ಕೆ ಬಾಚಿದ ಆ ವೃದ್ಧರನ್ನು ಶಾಲೆಯ ಹುಡುಗರಾಗಿದ್ದ ನಾವು ದೂರದಿಂದ ಕಂಡದ್ದುಂಟು. ಹತ್ತಿರ ಹೋಗುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಅವರು ತೀರಿಕೊಂಡಾಗ ತೊಂಬತ್ತೈದು ದಾಟಿತ್ತು. ಅದಾಗಿ ಎರಡು ತಿಂಗಳೊಳಗೆ, 1998ರ ಜನವರಿ 26ರಂದು, ಮಂಗಳೂರಿನಿಂದ ಮುಂಬಯಿಯತ್ತ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುಕೊಂಡಿತು. ಆರು ಹೊಳೆಗಳಿಗೂ ಸೇತುವೆಗಳಾಗಿ ಬಹಳ ಕಾಲವಾಯಿತು. ಸಾಸ್ತಾನದ ಹೆದ್ದಾರಿಯಲ್ಲಿ ಈಗ ಸುಂಕದ ಕಟ್ಟೆಯೂ ಇದೆ. ಆದರೆ ಆ ರೈಲಿಗೆ ಬಾರಕೂರು ಬಿಟ್ಟರೆ ಮುಂದಿನ ನಿಲ್ದಾಣ ಕುಂದಾಪುರವೇ. ನಡುವೆ ಸಾಸ್ತಾನವಿಲ್ಲ, ಸಾಲಿಗ್ರಾಮವಿಲ್ಲ, ಕೋಟವಿಲ್ಲ. ಅಲ್ಲಿಂದ ಕುಂದಾಪುರಕ್ಕೆ ಓದಲು ಹೊರಟ ಹುಡುಗ ಇಂದೂ ಆ ಹಳೆಯ ದಾರಿಯನ್ನೇ ಹಿಡಿಯಬೇಕು. ಬೆಳಗಿನ ಬಸ್ಸುಗಳಲ್ಲಿ ಈಗ ಹುಡುಗಿಯರೇ ಹೆಚ್ಚು.